ಒತ್ತಿದರೆ ಹಾಯೆನಿಸುವ ನೋವು

ಘಟಪ್ರಭೆಯ ನೀರುಂಡು ಕಬ್ಬು ಬೆಳೆಯುವ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ, ಹೊಟ್ಟೆ ಹಿಡಿದುಕೊಂಡು ಮುದುರಿ ಬಿದ್ದವನ ಬಳಿಗೆ ಬರುವ ಹಿರಿಯಳು ಮದ್ದಿನ ಮಾತೆತ್ತುವುದಕ್ಕೆ ಮೊದಲು ಹೊಕ್ಕುಳದ ಸುತ್ತ ಅಂಗೈಯೂರಿ, "ಒತ್ತಿದ್ರ ಹಾಯ ಅನಸ್ತೈತೇನಪಾ?" ಎಂದು ಕೇಳುವುದುಂಟು. ಹಾಯೆನಿಸಿದರೆ ಅರಿವೆಯ ಗಂಟಿನ ಶಾಖ, ಅಜವಾನ, ಇಂಗು. ಕೈ ತಾಗುತ್ತಲೇ ಚೀರಿದರೆ ಬೇರೆ ವಿಚಾರ. ಶಾಸ್ತ್ರದ ಗಂಧವಿಲ್ಲದೆ ಹುಟ್ಟಿದ ಈ ಪ್ರಶ್ನೆಯೇ ಚೀನೀ ವೈದ್ಯಪರಂಪರೆಯಲ್ಲಿ ಉದರಶೂಲೆಯ ನಿದಾನಕ್ಕೆ ಹೆಬ್ಬಾಗಿಲಾಗಿದೆ. ಆ ಪರಂಪರೆಯನ್ನು ಹೊಗಳುವವರೂ ತೆಗಳುವವರೂ ಸಾಮಾನ್ಯವಾಗಿ ಅದರ ಸೂಜಿಗಳನ್ನೇ ಮುಂದಿಟ್ಟುಕೊಂಡು ವಾದಿಸುವುದರಿಂದ, ಅದರ ಕೈ ರೋಗಿಯ ಹೊಟ್ಟೆಯ ಮೇಲೆ ಏನನ್ನು ಅರಸುತ್ತದೆ, ಯಾವಾಗ ಹಿಂದೆಗೆಯುತ್ತದೆ ಎಂಬ ಮುಖ್ಯ ವಿಷಯವು ಮರೆಯಾಗಿ ನಿಂತಿದೆ.

ಚೀನೀಯರ ಮೂಲಗ್ರಂಥವಾದ ಹ್ವಾಂಗ್‌ದೀ ನೇಯ್‌ಜಿಂಗ್‌ನ ಸೂವೆನ್ ಎಂಬ ಭಾಗದ 39ನೆಯ ಅಧ್ಯಾಯವು ನೋವನ್ನೇ ವಿಷಯವಾಗಿ ಎತ್ತಿಕೊಂಡು, ಶೈತ್ಯವು ನಾಳಗಳನ್ನು ಹೊಕ್ಕಾಗ ಅವು ಸಂಕೋಚಗೊಳ್ಳುತ್ತವೆಂದೂ, ಅವುಗಳಲ್ಲಿ ಸಂಚರಿಸತಕ್ಕ 'ಚೀ' ಎಂಬ ಚೈತನ್ಯವೂ ರಕ್ತವೂ ಆಗ ತಡೆವಟ್ಟು ನಿಲ್ಲುತ್ತವೆಂದೂ, ಆ ತಡೆಯೇ ನೋವಾಗಿ ಪರಿಣಮಿಸುತ್ತದೆಂದೂ ಪ್ರತಿಪಾದಿಸುತ್ತದೆ. ಮುಂದಿನ ಆಚಾರ್ಯರು ಇದಕ್ಕೆ ಉಷ್ಣ, ಅಜೀರ್ಣ, ಕೋಪ ದುಃಖಗಳಿಂದ ಯಕೃತ್ತಿನಲ್ಲಿ ಕಟ್ಟಿನಿಲ್ಲುವ ಚೀ, ಹೆಪ್ಪುಗಟ್ಟಿದ ರಕ್ತ, ಪ್ಲೀಹದ ದೌರ್ಬಲ್ಯ ಇವೇ ಮೊದಲಾದ ಕಾರಣಗಳನ್ನು ಸೇರಿಸುತ್ತ ಹೋದರು. ವಾಯುವಿಲ್ಲದೆ ನೋವಿಲ್ಲವೆಂದು ಬಗೆಯುವ ನಮ್ಮ ಆಯುರ್ವೇದಕ್ಕೆ ಇದು ಅಪರಿಚಿತವಾದ ವಿಚಾರಸರಣಿಯೇನೂ ಅಲ್ಲ.

ತತ್ತ್ವಕ್ಕಿಂತ ಅದರ ಪರೀಕ್ಷಾಕ್ರಮವೇ ಹೆಚ್ಚು ಗೌರವಕ್ಕೆ ಅರ್ಹವೆಂದು ನನಗೆ ತೋರುತ್ತದೆ. ನೋಡುವುದು, ಕೇಳಿ ಮೂಸುವುದು, ಪ್ರಶ್ನಿಸುವುದು, ಮುಟ್ಟುವುದು ಎಂಬ ಚತುರ್ವಿಧ ಪರೀಕ್ಷೆಯಲ್ಲಿ ನೋವಿನ ಸ್ಥಾನಕ್ಕಿಂತ ನೋವಿನ ಸ್ವಭಾವಕ್ಕೆ ಬೆಲೆ ಹೆಚ್ಚು. ಒತ್ತಡವನ್ನು ಬಯಸುವ ನೋವು ರಿಕ್ತತೆಯದು, ಅಂದರೆ ಬಲ ಕುಂದಿದುದರದು; ಸಹಿಸದ ನೋವು ಪೂರ್ಣತೆಯದು, ಅಂದರೆ ಒಳಗೆ ತುಂಬಿ ಕಟ್ಟಿಕೊಂಡುದರದು. ಶಾಖದಿಂದ ತಗ್ಗುವುದು ಶೈತ್ಯದ್ದು. ಹೀಗಿರಲು ಒಂದೇ ಹೊಟ್ಟೆನೋವಿಗೆ ಇಬ್ಬರು ರೋಗಿಗಳಲ್ಲಿ ಪರಸ್ಪರ ವಿರುದ್ಧವಾದ ಮದ್ದುಗಳು ಸಲ್ಲುತ್ತವೆ. ಕ್ರಿಸ್ತಶಕ 200ರ ಆಸುಪಾಸಿನಲ್ಲಿ ಬಾಳಿದ ಜಾಂಗ್ ಜೋಂಗ್‌ಜಿಂಗನು ದುರ್ಬಲನ ಹೊಟ್ಟೆಯ ಸೆಳೆತಕ್ಕೆ ದಾಲ್ಚಿನ್ನಿಯ ಕಡ್ಡಿ, ಪಿಯೊನಿ ಬೇರು, ಜ್ಯೇಷ್ಠಮಧು, ಶುಂಠಿ, ಬೋರೆಯ ಜಾತಿಯ ಹಣ್ಣು, ಮೊಳೆತ ಧಾನ್ಯದ ಸಿಹಿಪಾಕ ಇವುಗಳ ಕಷಾಯವನ್ನು ವಿಧಿಸಿದನು. ಹೊಟ್ಟೆಯ ನಡುವಣ ಬಲವನ್ನು ನೆಲೆಗೊಳಿಸುವುದೆಂಬ ಅರ್ಥದಲ್ಲಿ ಇದರ ಹೆಸರು 'ಕಿರಿಯ' ಮಧ್ಯಸ್ಥಾಪಕ. 'ಹಿರಿಯ' ಮಧ್ಯಸ್ಥಾಪಕದಲ್ಲಿರುವುವು ಒಣಶುಂಠಿ, ಜಿನ್ಸೆಂಗ್, ಅದೇ ಸಿಹಿಪಾಕ ಮತ್ತು ನಮ್ಮ ಕರಾವಳಿಯ ತಿರ್ಫಲದ ಬಂಧುವಾದ ಸಿಚುವಾನ್ ಮೆಣಸು. ಈ ಎರಡನೆಯದನ್ನು ಅವನು ವಿಧಿಸಿರುವುದು, ಶೈತ್ಯದಿಂದ ಹುಟ್ಟಿ, ಚರ್ಮದಡಿಯಲ್ಲಿ ಕರುಳು ಎದ್ದು ಬಿದ್ದು ಹೊರಳುವಂತೆ ಕಾಣಿಸುವ, ಮುಟ್ಟಲೂ ಬಿಡದ ನೋವಿಗೆ! ಮುಟ್ಟಗೊಡದ ನೋವು ಪೂರ್ಣತೆಯದೆಂಬ ಸೂತ್ರವನ್ನು ಶಿಷ್ಯರಿಗೆ ಕೊಟ್ಟವನೇ ಇಲ್ಲಿ ಅದನ್ನು ಮೀರಿ, ಬಲವರ್ಧಕವಾದ ಉಷ್ಣೌಷಧವನ್ನು ಕೊಡುತ್ತಾನೆ. ಹಾಸಿಗೆಯ ಪಕ್ಕದಲ್ಲಿ ಕುಳಿತು ಬರೆದವನಿಗೂ ಪಾಠಶಾಲೆಯಲ್ಲಿ ಕುಳಿತು ಕೋಷ್ಟಕ ಹಾಕಿದವನಿಗೂ ಇರುವ ಅಂತರವು ಇಲ್ಲಿ ವಿದಿತವಾಗುತ್ತದೆ.

ಕೋಷ್ಟಕದ ಮಾತೇಕೆಂದರೆ, ಇಂದು ನಾವು ಚೀನೀ ವೈದ್ಯವೆಂದು ಕರೆಯುವ ಏಕರೂಪದ ಶಾಸ್ತ್ರವು ಬಹುಮಟ್ಟಿಗೆ 1950ರ ದಶಕದ ಸೃಷ್ಟಿ. ಸರಕಾರವು 1956ರಲ್ಲಿ ಬೀಜಿಂಗ್, ಶಾಂಘಾಯ್, ಗ್ವಾಂಗ್‌ಜೋ, ಚೆಂಗ್‌ದೂಗಳಲ್ಲಿ ಕಾಲೇಜುಗಳನ್ನು ತೆರೆದು, ಒಬ್ಬರೊಡನೊಬ್ಬರು ಜಗಳವಾಡುತ್ತಿದ್ದ ಮನೆತನಗಳ ವಿದ್ಯೆಯನ್ನು ಪಠ್ಯಪುಸ್ತಕಕ್ಕೆ ಇಳಿಸಿತು. ಅದರಿಂದ ಬೋಧನೆ ಸುಲಭವಾಯಿತು. ಆದರೆ ಯಾವ ನೋವು ಬಂದರೂ ಕೋಷ್ಟಕದ ಒಂದು ಮನೆಯಲ್ಲಿ ಕೂಡಿಸಿಬಿಡುವ ಸೌಕರ್ಯವೂ ಬಂತು. ಶೈತ್ಯಕ್ಕೆ ಮದ್ದು ಫಲಿಸದಿದ್ದರೆ ಅದು ರಕ್ತದ ಹೆಪ್ಪು. ಅದಕ್ಕೂ ಬಗ್ಗದಿದ್ದರೆ ಯಕೃತ್ತಿನ ಕೋಪ. ಸೋಲಿಗೂ ಹೆಸರು ಕೊಡಬಲ್ಲ ಸಿದ್ಧಾಂತವು ಸೋಲಿನಿಂದ ಏನನ್ನೂ ಕಲಿಯಲಾರದು. ಇದು ಚೀನಕ್ಕೆ ಮಾತ್ರ ಅಂಟಿದ ದೋಷವಲ್ಲ. ನಮ್ಮ ಆಯುರ್ವೇದದ ಮಾಧವಕರನು ಶೂಲೆಯನ್ನು ಎಂಟು ಬಗೆಯಾಗಿ ವಿಂಗಡಿಸಿದಾಗ ಜೋಡಿದೋಷಗಳ ಮೂರು ಭೇದಗಳು ಅನುಭವದಿಂದ ಬಂದುವೋ ಗಣಿತದಿಂದ ಬಂದುವೋ ಎಂಬ ಶಂಕೆ ಮೂಡದಿರದು. ಅದೇ ಮಾಧವಕರನು ಉಂಡ ಅನ್ನವು ಜೀರ್ಣವಾಗುವ ಹೊತ್ತಿಗೆ ಏಳುವ ಪರಿಣಾಮಶೂಲೆಯನ್ನು ವರ್ಣಿಸಿರುವುದಾದರೋ, ಸಣ್ಣಕರುಳಿನ ಮೊದಲ ಭಾಗದ ಹುಣ್ಣನ್ನು ಕಂಡ ಇಂದಿನ ವೈದ್ಯನೂ ತಲೆದೂಗುವಂತಿದೆ.

ಉದರಶೂಲೆಯ ವಿಷಯದಲ್ಲಿ ಯಾವ ಸಂಪ್ರದಾಯವನ್ನಾದರೂ ಒರೆಗೆ ಹಚ್ಚಬೇಕಾದುದು ವಿರೇಚನದಲ್ಲಿ. ನಮ್ಮ ಈ ಸೀಮೆಯಲ್ಲಿ ಹೊಟ್ಟೆ ಕಟ್ಟಿತೆಂದರೆ ಔಡಲೆಣ್ಣೆ ಕುಡಿಸುವರು. ಬಟ್ಟಿ, ಅಂದರೆ ಹೊಕ್ಕುಳ ಬುಡ, ಸರಿದಿದೆಯೆಂದರೆ ಹೊಕ್ಕುಳ ಸುತ್ತ ಎಣ್ಣೆ ಹಚ್ಚಿ ತಿಕ್ಕುವರು, ಇಲ್ಲವೆ ಹೊಟ್ಟೆಯ ಮೇಲೆ ಹಣತೆ ಹಚ್ಚಿಟ್ಟು ಚೆಂಬು ಬೋರಲು ಹಾಕುವರು. ವಾಯುವಿನ ತೊಂದರೆಗೆ ಇದರಿಂದ ಕೆಡುಕಿಲ್ಲ, ಕೆಲವೊಮ್ಮೆ ಹಿತವೂ ಉಂಟು. ಆದರೆ ಅಪೆಂಡಿಕ್ಸಿನ ಉರಿಯೂತವು ಮೊದಲು ಹೊಕ್ಕುಳದ ಸುತ್ತಲೇ ಕಾಣಿಸಿಕೊಂಡು, ಕೆಲವು ಗಂಟೆಗಳ ತರುವಾಯ ಬಲಗಡೆಯ ಕೆಳಹೊಟ್ಟೆಗೆ ಇಳಿಯುವುದರಿಂದ, ಬಟ್ಟಿಯೆಂದು ತಿಕ್ಕಿ ಎಣ್ಣೆ ಕುಡಿಸಿದ ರಾತ್ರಿ ಬೆಳಗಾಗುವಷ್ಟರಲ್ಲಿ ಅಪೆಂಡಿಕ್ಸು ಒಡೆದು ಹೋಗುವ ಭಯವಿದೆ. ಚೀನದಲ್ಲಿಯೂ ಒತ್ತಿದರೆ ನೋಯುವ, ಉಬ್ಬಿದ ಹೊಟ್ಟೆಗೆ ರೇವಲ್ಚಿನ್ನಿಯ ವಿರೇಚನವೇ ವಿಹಿತ. ಹಾಗಿದ್ದೂ ಜಾಂಗ್‌ನ ಹೆಸರಿನಲ್ಲಿರುವ ಜಿನ್‌ಗ್ವೇಯ್ ಯಾವ್‌ಲ್ಯುಯೆ ಗ್ರಂಥವು ಕರುಳಿನ ಕುರುವನ್ನು ಹೇಳುವಲ್ಲಿ, ನಾಡಿ ಮಂದವಾಗಿ ಬಿಗಿದಿದ್ದರೆ ಕೀವು ಕಟ್ಟಿಲ್ಲ, ವಿರೇಚಿಸಬಹುದು; ನಾಡಿ ಉಕ್ಕಿ ವೇಗಗೊಂಡಿದ್ದರೆ ಕೀವು ಕಟ್ಟಿದೆ, ವಿರೇಚಿಸಬಾರದು ಎಂದು ತಡೆಯೊಡ್ಡುತ್ತದೆ. ನಾಡಿಯೊಂದನ್ನೇ ನೆಚ್ಚಿದ ಈ ತಡೆ ಇಂದಿನ ಕಣ್ಣಿಗೆ ದುರ್ಬಲವಾದರೂ ತಡೆಯೆಂಬುದು ಇತ್ತು. ನಮ್ಮ ಮನೆಮದ್ದಿಗೆ ಅಷ್ಟೂ ಇಲ್ಲ. ಸುಶ್ರುತನಿಗೆ ಮಾತ್ರ ಇತ್ತು: ಕರುಳು ಕಟ್ಟಿದ ಬದ್ಧಗುದೋದರದಲ್ಲಿ ಹೊಟ್ಟೆ ಸೀಳುವ ವಿಧಿಯನ್ನೇ ಅವನು ಬರೆದಿಟ್ಟನು. ಆ ವಿಧಿ ಪುಸ್ತಕದಲ್ಲಿ ಉಳಿಯಿತು, ಕೈ ಮರೆಯಿತು.

ಸೂಜಿಯ ಕೀರ್ತಿಗೆ ಬರೋಣ. 1971ರ ಜುಲೈಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿ ಅಪೆಂಡಿಕ್ಸಿನ ಬೇನೆಗೆ ತುತ್ತಾದಾಗ ಅದನ್ನು ತೆಗೆದದ್ದು ಶಸ್ತ್ರವೈದ್ಯರ ಚೂರಿ, ಮರಗಟ್ಟಿಸಿದ್ದು ಪಾಶ್ಚಾತ್ಯ ಚುಚ್ಚುಮದ್ದು. ಸೂಜಿಗಳು ಬಂದುದು ಆಮೇಲೆ, ಹೊಟ್ಟೆಯುಬ್ಬರವನ್ನು ಇಳಿಸಲು, ಮೊಳಕೈ ಮೊಳಕಾಲುಗಳಿಗೆ. ಲೋಕವು ಈ ಕ್ರಮವನ್ನು ತಲೆಕೆಳಗಾಗಿ ಕೇಳಿಸಿಕೊಂಡು, ಸೂಜಿಯಿಂದಲೇ ಶಸ್ತ್ರಕ್ರಿಯೆ ನಡೆಯಿತೆಂದು ಬೆರಗಾಯಿತು. (ನಮ್ಮ ನೆರೆಯ ಸೊಲ್ಲಾಪುರದ ದ್ವಾರಕಾನಾಥ ಕೊಟ್ನೀಸರು 1938ರಲ್ಲಿ ಚೀನಕ್ಕೆ ಹೋದದ್ದು ಗಾಯಾಳುಗಳಿಗೆ ಶಸ್ತ್ರವೈದ್ಯ ಮಾಡಲು, ಸೂಜಿಯ ವಿದ್ಯೆಯನ್ನು ಕಲ್ಕತ್ತೆಗೆ ತಂದವರು ಅವರ ಸಂಗಾತಿ ಬಿ. ಕೆ. ಬಸು.) ಕೆರಳುಕರುಳಿನ ಬಾಧೆಯನ್ನು ಕುರಿತು 2012ರಲ್ಲಿ ಹೊರಬಂದ ಕಾಕ್ರೇನ್ ಸಮೀಕ್ಷೆಯಂತೆ, ನಿಜವಾದ ಸೂಜಿ ನಂಬಿಸುವಂಥ ಹುಸಿಸೂಜಿಗಿಂತ ಮೇಲೆನಿಸಲಿಲ್ಲ. ಮೊಳಕಾಲ ಕೆಳಗಣ ಜೂಸಾನ್‌ಲೀ ಎಂಬ ಬಿಂದುವೇ ಹೊಟ್ಟೆಗೆ ಒಡೆಯನೆಂದು ನಂಬಿದವರಿಗೆ ಇದು ಕಹಿಯಾದೀತು. ಕಷಾಯಗಳ ಗತಿ ಬೇರೆ: ಮುಟ್ಟಗೊಡದ ನೋವಿಗೆ ಜಾಂಗ್ ಹೇಳಿದ ಆ ಹಿರಿಯ ಮಧ್ಯಸ್ಥಾಪಕವನ್ನೇ ಜಪಾನಿನ ಶಸ್ತ್ರವೈದ್ಯರು ಹೊಟ್ಟೆಯ ಶಸ್ತ್ರಕ್ರಿಯೆಯಾದ ಮೇಲೆ ಸ್ತಬ್ಧವಾದ ಕರುಳು ಚಲಿಸುವಂತೆ ಮಾಡಲು ಬಳಸುತ್ತಿದ್ದಾರೆ.

ಇವೆಲ್ಲವುಗಳಿಗಿಂತ ನನಗೆ ಹಿರಿದಾಗಿ ಕಾಣುವುದು ತಿಯಾನ್‌ಜಿನ್ ನಗರದಲ್ಲಿ ವೂ ಶ್ಯೆನ್‌ಜೋಂಗ್ ಮತ್ತು ಅವರ ಸಂಗಡಿಗರು 1960ರ ದಶಕದಿಂದ ನಡೆಸಿದ ಕೆಲಸ. ಅವರು ಶಸ್ತ್ರವೈದ್ಯರೇ ಆಗಿದ್ದು, ಕರುಳಿನ ತಡೆ ಮೊದಲಾದ ತೀವ್ರ ಉದರವ್ಯಾಧಿಗಳಲ್ಲಿ ಯಾರಿಗೆ ರೇವಲ್ಚಿನ್ನಿಯ ಕಷಾಯ ಸಲ್ಲುತ್ತದೆ, ಯಾರನ್ನು ತಡಮಾಡದೆ ಮೇಜಿಗೆ ಒಯ್ಯಬೇಕು ಎಂಬ ವಿವೇಚನೆಯನ್ನೇ ಶಾಸ್ತ್ರವನ್ನಾಗಿ ಮಾಡಿಕೊಂಡರು. ಕಷಾಯ ಕುಡಿಸಿದವನನ್ನು ಕಣ್ಣಳತೆಯಲ್ಲಿಟ್ಟುಕೊಂಡು, ಬೇನೆ ಇಳಿಯದಿದ್ದರೆ ಚೂರಿ ಹಿಡಿದರು. ಇಲ್ಲಿಯೂ ಅಂಥದು ಅಸಾಧ್ಯವಲ್ಲ. ಗೋಕಾಕ ತಾಲೂಕಿನ ಘಟಪ್ರಭೆಯಲ್ಲಿ ಜೆ. ಜಿ. ಸಹಕಾರಿ ಆಸ್ಪತ್ರೆಯೂ ಆಯುರ್ವೇದ ಮಹಾವಿದ್ಯಾಲಯವೂ ಒಂದೇ ಸಂಸ್ಥೆಯ ಆಶ್ರಯದಲ್ಲಿವೆ. ಬೆಳಗಾವಿಯಲ್ಲಿ ಪಾರಂಪರಿಕ ವೈದ್ಯವನ್ನೇ ಸಂಶೋಧಿಸುವ ರಾಷ್ಟ್ರೀಯ ಸಂಸ್ಥೆಯಿದೆ. ಈ ಸಂಸ್ಥೆಗಳವರು ಅಂಥ ಕೆಲಸವನ್ನು ಕೈಗೊಳ್ಳುವುದಾದರೆ ಮೊದಲು ಬರೆದಿಡತಕ್ಕದ್ದು ಇಂಗಿನ ಗುಣವನ್ನಲ್ಲ; ಔಡಲೆಣ್ಣೆ ಕುಡಿದು ತಡವಾಗಿ ಬಂದವರ ಲೆಕ್ಕವನ್ನು.