ಗಾತ್ರವೆಂಬ ಸುಳ್ಳುಸಾಕ್ಷಿ

ನಾಯಿಯನ್ನು ಸಾಕಬೇಕೆಂಬ ಆಸೆ ನಗರದ ಒಂದು ಸಂಸಾರದಲ್ಲಿ ಮೂಡಿದೊಡನೆ ಅಲ್ಲಿ ಮೊದಲು ಏಳತಕ್ಕ ಪ್ರಶ್ನೆ ನಾಯಿಯ ಸ್ವಭಾವವನ್ನು ಕುರಿತದ್ದಲ್ಲ, ಮನೆಯ ವಿಸ್ತೀರ್ಣವನ್ನು ಕುರಿತದ್ದು. ಎರಡು ಕೋಣೆ, ಒಂದು ಹಜಾರ, ತುಳಸಿಯ ಕುಂಡಕ್ಕೇ ಇಕ್ಕಟ್ಟಾದ ಒಂದು ಬಾಲ್ಕನಿ, ಇಷ್ಟರೊಳಗೆ ಲ್ಯಾಬ್ರಡಾರ್ ಹಿಡಿಸೀತೆ, ಆಲ್ಸೇಷನ್ ಹಿಡಿಸೀತೆ ಎಂಬ ಚರ್ಚೆ ನಾಲ್ಕಾರು ಸಂಜೆ ನಡೆದು, ಕಡೆಗೆ ಐದಾರು ಕಿಲೋ ತೂಗುವ, ತೋಳಿನ ಮೇಲೆ ಮಲಗಿಸಿಕೊಳ್ಳಬಹುದಾದ ಒಂದು ಮರಿಯ ಮೇಲೆ ಎಲ್ಲರ ಮನಸ್ಸೂ ನಿಲ್ಲುತ್ತದೆ. ಮಾರುವವನು ಅದನ್ನು ‘ಫ್ಲ್ಯಾಟಿಗೆ ಹೇಳಿ ಮಾಡಿಸಿದ ಬ್ರೀಡು’ ಎಂದು ಹೊಗಳುತ್ತಾನೆ. ಗಾತ್ರವನ್ನು ಕಾರಣವಾಗಿಟ್ಟುಕೊಂಡು ನಾಯಿಯನ್ನು ನಿಷೇಧಿಸಕೂಡದೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿಯೇ ಮಾರ್ಗಸೂಚಿ ಹೊರಡಿಸಿದ್ದರೂ, ವಸತಿ ಸಮುಚ್ಚಯಗಳ ಸಂಘದವರು ದೊಡ್ಡ ನಾಯಿಯನ್ನು ಕಂಡು ಹುಬ್ಬು ಗಂಟಿಕ್ಕುವುದನ್ನೂ ಚಿಕ್ಕದನ್ನು ಕಂಡು ಮುಗುಳ್ನಗುವುದನ್ನೂ ಬಿಟ್ಟಿಲ್ಲ. ಮಾರುವವನು, ಕೊಳ್ಳುವವನು, ನೆರೆಯವನು, ಈ ಮೂವರೂ ಒಮ್ಮತಕ್ಕೆ ಬರುವ ವಿಷಯಗಳು ಲೋಕದಲ್ಲಿ ವಿರಳವಾದುದರಿಂದ, ಈ ಒಮ್ಮತವನ್ನು ಸ್ವಲ್ಪ ಪರೀಕ್ಷಿಸಿ ನೋಡುವುದು ಅನುಚಿತವಾಗಲಾರದು.

ತಳಿ ಎಂಬುದು ನಿಸರ್ಗದತ್ತವಾದ ವಸ್ತುವಲ್ಲ. ಮನುಷ್ಯನು ತಲೆಮಾರುಗಳ ಕಾಲ ಆಯ್ದು, ಕೂಡಿಸಿ, ಬೇಡವಾದುದನ್ನು ತಳ್ಳಿ ರಚಿಸಿದ ಒಂದು ಕೃತಿ. ಹಾಗಾದ ಮೇಲೆ, ಕಾವ್ಯವನ್ನೋ ಶಿಲ್ಪವನ್ನೋ ವಿಮರ್ಶಿಸುವಾಗ ಕೇಳುವಂತೆ, ಇಲ್ಲಿಯೂ ಕರ್ತೃವಿನ ಉದ್ದೇಶವೇನಾಗಿತ್ತು, ಆ ಉದ್ದೇಶ ಸಾಧಿತವಾಯಿತೆ, ಸಾಧನೆಗೆ ತೆತ್ತ ಬೆಲೆ ಎಷ್ಟು ಎಂದು ಕೇಳಬೇಕಾಗುತ್ತದೆ. ಕೇಳಿದೊಡನೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ನಮ್ಮ ಫ್ಲ್ಯಾಟುಗಳಿಗೆ ಬಂದು ಸೇರುತ್ತಿರುವ ಚಿಕ್ಕ ನಾಯಿಗಳಲ್ಲಿ ಹಲವನ್ನು ಚಿಕ್ಕದಾಗಿ ಮಾಡಿದವರು ಚಿಕ್ಕ ಮನೆಯನ್ನು ಕಣ್ಣಮುಂದೆ ಇಟ್ಟುಕೊಂಡಿರಲಿಲ್ಲ. ಅವರ ಕಣ್ಣಮುಂದೆ ಇದ್ದದ್ದು ನರಿಯ ಬಿಲದ ಬಾಯಿ. ದೇಹ ಆ ಬಾಯಿಗೆ ಹಿಡಿಸುವಷ್ಟು ಕಿರಿದಾಗಬೇಕು, ಧೈರ್ಯವೂ ಹಠವೂ ದಮ್ಮೂ ಮಾತ್ರ ಗುಲಗಂಜಿಯಷ್ಟೂ ಕಿರಿದಾಗಕೂಡದು ಎಂಬುದು ಅವರ ಸೂತ್ರ. ನಾವು ಅಳತೆ ನೋಡಿ ಮರಿಯನ್ನು ತರುತ್ತೇವೆ. ಅದರೊಡನೆ ಒಂದು ವೃತ್ತಿಯೂ ಹೊಸಿಲು ದಾಟಿ ಬರುತ್ತದೆ.

ಜ್ಯಾಕ್ ರಸೆಲ್ ಟೆರಿಯರ್ ಇದಕ್ಕೆ ಉತ್ತಮೋತ್ತಮ ನಿದರ್ಶನ. ಇಂಗ್ಲೆಂಡಿನ ಡೆವನ್ ಸೀಮೆಯ ಸ್ವಿಂಬ್ರಿಜ್ ಎಂಬ ಊರಿನಲ್ಲಿ ಬಹುಕಾಲ ಪಾದ್ರಿಯಾಗಿದ್ದ ಜಾನ್ ರಸೆಲ್ (1795–1883) ಧರ್ಮೋಪದೇಶಕ್ಕಿಂತ ನರಿಬೇಟೆಯಲ್ಲಿ ಹೆಚ್ಚು ಹೆಸರು ಮಾಡಿದವನು. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, 1819ರಲ್ಲಿ ಎಂದು ಹೇಳುತ್ತಾರೆ, ಒಬ್ಬ ಹಾಲಿನವನ ಬಳಿ ಟ್ರಂಪ್ ಎಂಬ ಬಿಳಿಯ ಹೆಣ್ಣುನಾಯಿಯನ್ನು ಕಂಡು, ಅದರ ಕಣ್ಣುಕಿವಿಗಳ ಮೇಲೂ ಬಾಲದ ಬುಡದಲ್ಲಿಯೂ ಇದ್ದ ಕಂದು ಮಚ್ಚೆಗಳಿಗೆ ಮರುಳಾಗಿ, ಅಲ್ಲಿಯೇ ಕೊಂಡುಕೊಂಡನಂತೆ; ಆ ಹೆಣ್ಣಿನಿಂದ ಅವನ ತಳಿ ಬೆಳೆಯಿತು. ಅವನಿಗೆ ಬೇಕಾಗಿದ್ದ ನಾಯಿಯ ಲಕ್ಷಣಗಳನ್ನು ಗಮನಿಸಬೇಕು. ಬೇಟೆಯ ಕುದುರೆಗಳೊಡನೆ ಅದು ದಿನವಿಡೀ ಓಡಬೇಕು. ನರಿ ಬಿಲವನ್ನು ಹೊಕ್ಕರೆ ತಾನೂ ಹೊಕ್ಕು, ಕತ್ತಲೆಯಲ್ಲಿ, ಒಡೆಯನ ಕಣ್ಣಿಗೂ ಕೈಗೂ ದೂರವಾಗಿ, ನರಿಯ ಹಲ್ಲಿಗೆ ಎದುರುನಿಂತು ಬೊಗಳಬೇಕು. ಆದರೂ ಅದನ್ನು ಕೊಲ್ಲದೆ ಹೊರಕ್ಕೆ ಅಟ್ಟಬೇಕು, ಏಕೆಂದರೆ ಬಿಲದೊಳಗೆ ಸತ್ತ ನರಿಯಿಂದ ಬೇಟೆಗಾರನಿಗೆ ಏನು ವಿನೋದ? ಈಗಲೂ ಪ್ರದರ್ಶನದ ಅಂಗಳದಲ್ಲಿ ತೀರ್ಪುಗಾರರು ಈ ನಾಯಿಯ ಭುಜಗಳ ಹಿಂದೆ ಎರಡು ಕೈಗಳನ್ನೂ ಬಳಸಿ ಎದೆಯನ್ನು ಹಿಡಿದು ನೋಡುತ್ತಾರೆ. ಹೆಬ್ಬೆರಳುಗಳು ಬೆನ್ನಿನ ಮೇಲೆಯೂ ಉಳಿದ ಬೆರಳುಗಳು ಎದೆಯ ಕೆಳಗೂ ಕೂಡಿದರೆ ಸರಿ. ಕೂಡದಿದ್ದರೆ ಅಂಥ ನಾಯಿ ಬಿಲದಲ್ಲಿ ಸಿಕ್ಕಿಕೊಳ್ಳುತ್ತದೆಂದು ಅರ್ಥ. ಎತ್ತರ 25ರಿಂದ 30 ಸೆಂಟಿಮೀಟರು. ಐದು ಸೆಂಟಿಮೀಟರಿಗೆ ಒಂದು ಕಿಲೋ ಎಂಬ ಲೆಕ್ಕದಲ್ಲಿ ತೂಕ ಐದರಿಂದ ಆರು ಕಿಲೋ. ಈ ಕೃತಿಯಲ್ಲಿ ಅನಾವಶ್ಯಕವಾದ ಅಕ್ಷರ ಒಂದೂ ಇಲ್ಲ. ತನ್ನ ಉದ್ದೇಶಕ್ಕೆ ಇಷ್ಟು ನಿಷ್ಠವಾಗಿ ರಚಿತವಾದ ಪ್ರಾಣಿ ಶ್ವಾನಕುಲದಲ್ಲಿಯೇ ಅಪರೂಪವೆಂದು ನನ್ನ ಎಣಿಕೆ.

ಇಂಥ ಕೃತಿಯನ್ನು ಅದರ ಸಂದರ್ಭದಿಂದ ಕಿತ್ತು ಮೂರನೆಯ ಅಂತಸ್ತಿನ ಹಜಾರದಲ್ಲಿ ಇರಿಸಿದರೆ ಏನಾಗುತ್ತದೆ? ಆಜ್ಞೆಗೆ ಕಾಯದೆ ತಾನೇ ನಿರ್ಧರಿಸುವ ಶಕ್ತಿ ಅಲ್ಲಿ ಗುಣವಾಗಿತ್ತು, ಇಲ್ಲಿ ಅವಿಧೇಯತೆ. ಮಣ್ಣಿನ ಕೆಳಗಿನಿಂದ ಮೇಲಿನವರಿಗೆ ಕೇಳಿಸುವಂತೆ ಬೊಗಳುವ ಕಂಠ ಅಲ್ಲಿ ಸಂಪತ್ತಾಗಿತ್ತು, ಇಲ್ಲಿ ಸಂಘದ ಸಭೆಗೆ ಬರುವ ದೂರು. ನಮ್ಮ ಬೀದಿಯ ಒಂದು ಮನೆಯಲ್ಲಿ ಈ ಜಾತಿಯ ನಾಯಿಯೊಂದಿದೆ. ದಂಪತಿಗಳಿಬ್ಬರೂ ಬೆಳಗ್ಗೆ ಕಚೇರಿಗೆ ಹೊರಟರೆ ಮರಳುವುದು ದೀಪ ಹತ್ತಿದ ಮೇಲೆ. ಗೋಡೆಯಾಚೆ ಹೆಗ್ಗಣವೊಂದು ಓಡಾಡಿದ ಸದ್ದಿಗೆ ಆ ನಾಯಿ ಸೋಫಾದ ಮೂಲೆಯನ್ನು ಅಗೆಯಲು ತೊಡಗುವುದನ್ನು ನಾನು ಎದುರಿಗೆ ಕುಳಿತು ನೋಡಿದ್ದೇನೆ. ಮೊದಲು ತಲೆಯನ್ನು ಓರೆಮಾಡಿ ಆಲಿಸಿತು. ಒಂದು ಮುಂಗಾಲನ್ನು ಎತ್ತಿ ಹಿಡಿಯಿತು. ಆಮೇಲೆ ಎರಡು ಮುಂಗಾಲುಗಳೂ ಒಂದರ ಹಿಂದೊಂದು ಎಷ್ಟು ಬೇಗ ಆಡಿದುವೆಂದರೆ ಉಗುರೇ ಕಾಣದೆ, ಹಿಂಗಾಲುಗಳ ನಡುವೆ ಹಿಂದಕ್ಕೆ ಚಿಮ್ಮುವ ಹತ್ತಿಯಷ್ಟೆ ಕಾಣುತ್ತಿತ್ತು. ಮನೆಯಾಕೆ ಹೆಸರು ಹಿಡಿದು ಕೂಗಿದರು. ಅದರ ಕಿವಿ ಕೂಡ ಅಲುಗಲಿಲ್ಲ. ಅದರಲ್ಲಿ ದುರ್ಬುದ್ಧಿಯ ಲವಲೇಶವೂ ಇರಲಿಲ್ಲವೆಂದು ನಾನು ಪ್ರಮಾಣಮಾಡಿ ಹೇಳಬಲ್ಲೆ. ಕುಲಕಸುಬನ್ನು ಅದು ಶ್ರದ್ಧೆಯಿಂದ ನಡೆಸುತ್ತಿತ್ತು. ನಡುವೆ ಅಡ್ಡಬಂದದ್ದು ಸೋಫಾದ ತಪ್ಪು.

ಚಲಚ್ಚಿತ್ರವೂ ದೂರದರ್ಶನವೂ ಈ ವಿಷಯದಲ್ಲಿ ಜನರನ್ನು ಚೆನ್ನಾಗಿಯೇ ದಾರಿತಪ್ಪಿಸಿವೆ. ‘ಫ್ರೇಜರ್’ ಎಂಬ ಅಮೆರಿಕದ ಹಾಸ್ಯ ಧಾರಾವಾಹಿಯಲ್ಲಿ ಎಡ್ಡಿಯೆಂಬ ಹೆಸರಿನಿಂದ ನಾಯಕನನ್ನು ಎವೆಯಿಕ್ಕದೆ ದಿಟ್ಟಿಸುತ್ತಿದ್ದ ನಾಯಿಯನ್ನೂ, 2011ರ ‘ದಿ ಆರ್ಟಿಸ್ಟ್’ ಚಿತ್ರದಲ್ಲಿ ಉರಿಯುವ ಮನೆಯಿಂದ ಓಡಿಹೋಗಿ ಪೊಲೀಸಿನವನನ್ನು ಕರೆತರುವ ನಾಯಿಯನ್ನೂ ನೋಡಿ ‘ನಮಗೂ ಅಂಥದೇ ಬೇಕು’ ಎಂದವರು ಕಡಮೆಯಿಲ್ಲ. ಎಡ್ಡಿಯ ಪಾತ್ರಧಾರಿಯಾದ ಮೂಸ್ ಎಂಬ ನಾಯಿಯ ಮೊದಲ ಒಡೆಯರು ಅದರ ಅಗೆತವನ್ನೂ ಬೊಗಳಾಟವನ್ನೂ ತಾಳಲಾರದೆ ಅದನ್ನು ಬಿಟ್ಟುಕೊಟ್ಟಿದ್ದರೆಂಬುದಾಗಲಿ, ‘ಆರ್ಟಿಸ್ಟ್’ನ ಅಗ್ಗಿಯನ್ನು ಇಬ್ಬರು ಒಡೆಯರು ಒಬ್ಬರಾದ ಮೇಲೊಬ್ಬರು ಕೈಬಿಟ್ಟ ಬಳಿಕ ತರಬೇತುಗಾರನೊಬ್ಬನು ಸ್ವೀಕರಿಸಿದನೆಂಬುದಾಗಲಿ ತೆರೆಯ ಮೇಲೆ ಬರುವುದಿಲ್ಲ. ಆ ಎರಡಕ್ಕೂ ಉದ್ಯೋಗ ದೊರೆಯಿತು, ದಿನವೂ ಹೊಸದೊಂದನ್ನು ಕಲಿಸುವ ಗುರು ದೊರೆತನು. ದೊರೆತೊಡನೆ ಅದೇ ಹಠ ಪ್ರತಿಭೆಯೆನಿಸಿಕೊಂಡಿತು. ಪ್ರೇಕ್ಷಕನು ಪ್ರತಿಭೆಯನ್ನು ಕಂಡು ಮರಿಯನ್ನು ಕೊಂಡನು, ಗುರುವಾಗುವುದಕ್ಕೆ ಮಾತ್ರ ಅವನಿಗೆ ಬಿಡುವಿರಲಿಲ್ಲ.

ಜರ್ಮನಿಯ ಡ್ಯಾಷ್‌ಹಂಡ್ ಕೂಡ ಇದೇ ಪರಂಪರೆಯದು. ಆದರೆ ಕೃತಿಯಾಗಿ ನೋಡಿದರೆ ಅದರಲ್ಲಿ ಒಂದು ಬಿರುಕಿದೆ. ಬಲವಾದ ಉಗುರುಗಳುಳ್ಳ ಬ್ಯಾಜರ್ ಎಂಬ ಬಿಲವಾಸಿಯ ಮೇಲೆ ಒಂಟಿಯಾಗಿ ನುಗ್ಗುವುದಕ್ಕೆಂದು ಇದನ್ನು ರೂಪಿಸಿದರು. ಯೂರೋಪಿನ ಮಾನದಂಡ ಇದರ ಪ್ರಭೇದಗಳನ್ನು ಎತ್ತರದಿಂದ ಅಳೆಯದೆ ಎದೆಯ ಸುತ್ತಳತೆಯಿಂದ ಅಳೆಯುವುದು ಆ ಕಸುಬಿನ ಗುರುತು. ಕಾಲು ಗಿಡ್ಡವಾದದ್ದು ಎಫ್‌ಜಿಎಫ್4 ಎಂಬ ಜೀನಿನ ಹೆಚ್ಚುವರಿ ಪ್ರತಿಯೊಂದರಿಂದ. ಅದೇ ಜೀನಿನ ಇನ್ನೊಂದು ಹೆಚ್ಚುವರಿ ಪ್ರತಿಗೂ, ಬೆನ್ನುಮೂಳೆಯ ನಡುವಣ ಮೆತ್ತೆಗಳು ಎಳೆವಯಸ್ಸಿನಲ್ಲಿಯೇ ಗಡುಸಾಗಿ ಸುಣ್ಣಗಟ್ಟುವುದಕ್ಕೂ ಸಂಬಂಧವಿರುವುದು 2017ರಲ್ಲಿ ತಿಳಿದುಬಂತು. ನಾಲ್ಕೈದು ಡ್ಯಾಷ್‌ಹಂಡುಗಳಲ್ಲಿ ಒಂದಕ್ಕೆ ಬಾಳಿನಲ್ಲಿ ಒಮ್ಮೆಯಾದರೂ ಡಿಸ್ಕಿನ ತೊಂದರೆ ತಪ್ಪಿದ್ದಲ್ಲ. ಮಂಚದಿಂದ ಧುಮುಕಿ ಆಡುತ್ತಿದ್ದ ನಾಯಿ ಮರುದಿನ ಹಿಂಗಾಲುಗಳನ್ನು ಎಳೆದುಕೊಂಡು ಬರುವುದುಂಟು. ಆದುದರಿಂದ ಅದನ್ನು ಎತ್ತಿಕೊಳ್ಳುವುದಕ್ಕೂ ಒಂದು ಕ್ರಮವಿದೆ: ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ, ಬೆನ್ನು ನೆಲಕ್ಕೆ ಸಮನಾಗಿ. ಮೈ ಬೆಳೆಯಗೊಡಬಾರದು, ಮೆಟ್ಟಿಲು ಹತ್ತಿಳಿಯಗೊಡಬಾರದು. ಇಷ್ಟು ಎಚ್ಚರಿಕೆ ಬೇಡುವ ದೇಹದೊಳಗೆ ಇರುವುದಾದರೋ ಬ್ಯಾಜರಿಗೂ ಬೆದರದ ಜೀವ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವಿದ್ವಾಂಸರು ಮೂವತ್ತಕ್ಕೂ ಮಿಕ್ಕ ತಳಿಗಳನ್ನು ಕುರಿತು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರನ್ನೂ ಒಡೆಯರನ್ನೂ ಕಚ್ಚುವುದರಲ್ಲಿ, ಕಚ್ಚಲು ಹವಣಿಸುವುದರಲ್ಲಿ ಮುಂದಾಗಿ ನಿಂತವು ಡ್ಯಾಷ್‌ಹಂಡ್, ಚಿವಾವಾ ಮತ್ತು ನಮ್ಮ ಪಾದ್ರಿಯ ಟೆರಿಯರ್.

ಇದರಲ್ಲಿ ನಾಯಿಯ ಪಾಲೆಷ್ಟು, ನಮ್ಮ ಪಾಲೆಷ್ಟು ಎಂಬುದು ನ್ಯಾಯವಾದ ಪ್ರಶ್ನೆ. 2010ರಲ್ಲಿ ವಿಯೆನ್ನಾದ ಸಂಶೋಧಕರು ಚಿಕ್ಕ ನಾಯಿಗಳ ಮತ್ತು ದೊಡ್ಡ ನಾಯಿಗಳ ಒಡೆಯರನ್ನು ವಿಚಾರಿಸಿ ಹೋಲಿಸಿದಾಗ, ಚಿಕ್ಕ ನಾಯಿಯ ಒಡೆಯರು ತರಬೇತಿಯಲ್ಲಿಯೂ ಜೊತೆಯಾಗಿ ಆಡುವುದರಲ್ಲಿಯೂ ಹಿಂದುಳಿದವರೆಂದೂ, ಇಂದು ಬೇಡವೆಂದದ್ದನ್ನು ನಾಳೆ ಒಪ್ಪುವ ಅಸಂಗತ ನಡತೆಯವರೆಂದೂ ಕಂಡುಬಂತು. ಇದಕ್ಕೆ ವಿಯೆನ್ನಾಕ್ಕೆ ಹೋಗಬೇಕಾಗಿಲ್ಲ. ಆಲ್ಸೇಷನ್ ಗುರ್ರೆಂದರೆ ಮನೆಯವರು ತರಬೇತುಗಾರನಿಗೆ ಫೋನು ಮಾಡುತ್ತಾರೆ. ಚಿವಾವಾ ಗುರ್ರೆಂದರೆ ಅದೇ ಫೋನಿನಲ್ಲಿ ವಿಡಿಯೋ ತೆಗೆಯುತ್ತಾರೆ. ದೊಡ್ಡ ನಾಯಿಯನ್ನು ಮುಟ್ಟುವ ಮೊದಲು ಅತಿಥಿ ಅಪ್ಪಣೆ ಕೇಳುತ್ತಾನೆ, ಚಿಕ್ಕದನ್ನು ಕೇಳದೆಯೇ ಎತ್ತಿ ಎದೆಗವಚುತ್ತಾನೆ. ಮುಖ ತಿರುಗಿಸಿ, ತುಟಿ ನೆಕ್ಕಿಕೊಂಡು, ಮೈ ಬಿಗಿಹಿಡಿದು ತನ್ನ ಅಸಮ್ಮತಿಯನ್ನು ಸೌಜನ್ಯದಿಂದಲೇ ತಿಳಿಸಿ ನೋಡಿದ ನಾಯಿ, ಈ ಭಾಷೆಯನ್ನು ಇಲ್ಲಿ ಯಾರೂ ಓದಲಾರರೆಂದು ಮನಗಂಡ ಮೇಲೆ ಹಲ್ಲಿನಿಂದ ಹೇಳುತ್ತದೆ. ಆಗ ಅದಕ್ಕೆ ‘ಕೋಪಿಷ್ಠ ಜಾತಿ’ ಎಂಬ ಬಿರುದು.

ನಮ್ಮಲ್ಲಿ ಬಹುಕಾಲ ‘ಪಾಮೇರಿಯನ್’ ಎಂದು ಕರೆಸಿಕೊಂಡು, ವಸ್ತುತಃ ಇಂಡಿಯನ್ ಸ್ಪಿಟ್ಸ್ ಆಗಿದ್ದ ಬಿಳಿಯ ನಾಯಿಯನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾದೀತು. ಮಲ್ಲೇಶ್ವರದಲ್ಲಿಯೋ ಒಂಟಿಕೊಪ್ಪಲಿನಲ್ಲಿಯೋ ‘ನಾಯಿ ಇದೆ ಎಚ್ಚರಿಕೆ’ ಎಂಬ ಫಲಕದ ಹಿಂದೆ ಮೊಸರನ್ನವುಂಡು ಬಾಳಿದ ಆ ನಾಯಿ ಕಡಮೆ ಬೊಗಳುತ್ತಿರಲಿಲ್ಲ. ಅಂಚೆಯವನನ್ನು ಅದು ವೈಯಕ್ತಿಕ ಶತ್ರುವೆಂದೇ ಭಾವಿಸಿತ್ತು. ಆದರೆ ಅದರ ಕಸುಬು ಕಾವಲು, ಮನೆಗೆ ಗೇಟಿತ್ತು, ಹಗಲೆಲ್ಲ ಮನೆಯಲ್ಲಿ ಅಜ್ಜಿ ಇರುತ್ತಿದ್ದರು. ಬೊಗಳಿದರೆ ‘ಯಾರೋ ಬಂದರು, ನೋಡು’ ಎಂದು ಆಕೆ ಎದ್ದು ಬರುತ್ತಿದ್ದರು. ನಾಯಿಯ ಕೆಲಸಕ್ಕೆ ಮನ್ನಣೆ ಸಿಗುತ್ತಿತ್ತು. ಇಂದಿನ ಫ್ಲ್ಯಾಟಿನಲ್ಲಿ ನಾಯಿಗೆ ಜಾಗ ಸಾಲದೆಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಅಲ್ಲಿ ಸಾಲದಿರುವುದು ಅಜ್ಜಿ.

ಪಗ್ಗಿನ ವಿಮರ್ಶೆ ಬೇರೊಂದು ದಾರಿಯಲ್ಲಿ ನಡೆಯಬೇಕು. ಬಿಲಕ್ಕಾಗಲಿ ಕಾವಲಿಗಾಗಲಿ ಅಲ್ಲದೆ ಮಡಿಲಿಗಾಗಿಯೇ ರಚಿತವಾದದ್ದು ಅದು. ಚೀನಾದ ಅರಮನೆಗಳಿಂದ ಹಾಲೆಂಡಿನ ಮಾರ್ಗವಾಗಿ ಇಂಗ್ಲೆಂಡಿನ ಶ್ರೀಮಂತರ ಮನೆಗಳನ್ನು ಸೇರಿತು. ವಿಲಿಯಂ ಹೋಗಾರ್ತ್ ಎಂಬ ಚಿತ್ರಕಾರ 1745ರ ತನ್ನ ಭಾವಚಿತ್ರದಲ್ಲಿ ಪಕ್ಕಕ್ಕೆ ಕೂರಿಸಿಕೊಂಡಿರುವ ಪಗ್ಗನ್ನು (ಕಾಕತಾಳೀಯವಾಗಿ ಅದರ ಹೆಸರೂ ಟ್ರಂಪ್) ನೋಡಿದವರಿಗೆ, ಆಗಿನ ಪಗ್ಗಿಗೆ ಮೂತಿ ಎಂಬುದೊಂದಿತ್ತು ಎಂಬ ಸಂಗತಿ ಆಶ್ಚರ್ಯ ತರುತ್ತದೆ. ಆ ಮೂತಿಯನ್ನು ಮುಂದಿನ ತಲೆಮಾರುಗಳು ಸೌಂದರ್ಯದ ಹೆಸರಿನಲ್ಲಿ ಒರೆಸಿಹಾಕಿದವು. ಭಾರತದಲ್ಲಿ ಇದರ ಭಾಗ್ಯೋದಯವಾದದ್ದು 2003ರಲ್ಲಿ, ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನೊಬ್ಬನು ಹೋದಲ್ಲೆಲ್ಲ ಬೆನ್ನುಬಿಡದೆ ಹಿಂಬಾಲಿಸಿದಂದು. ಎಲ್ಲಿಗೆ ಬೇಕಾದರೂ ಹಿಂಬಾಲಿಸಿ ಬರುವುದೆಂಬ ಆ ಭರವಸೆ ಪಗ್ಗಿನ ಬಾಯಲ್ಲಿ ಕ್ರೂರವಾದ ಹಾಸ್ಯ. ಏಕೆಂದರೆ ಬೇಸಗೆಯ ಮಧ್ಯಾಹ್ನ ಅದು ಬೀದಿಯ ತುದಿಯವರೆಗೂ ಹಿಂಬಾಲಿಸಲಾರದು. ನಾಯಿ ನಮ್ಮಂತೆ ಮೈಯೆಲ್ಲ ಬೆವರಿ ತಣಿಯುವ ಪ್ರಾಣಿಯಲ್ಲ. ಏದುಸಿರು ಬಿಟ್ಟು, ಮೂಗುಬಾಯಿಗಳ ತೇವದ ಮೇಲೆ ಗಾಳಿಯಾಡಿಸಿ ತಣಿಯುತ್ತದೆ. ಬುರುಡೆಯನ್ನು ಮೊಟಕು ಮಾಡಿದವರು ಒಳಗಿನ ಮಾಂಸವನ್ನು ಮೊಟಕು ಮಾಡಲಾರದೆ ಹೋದುದರಿಂದ, ಪಗ್ಗಿನ ಮೂಗಿನ ಹೊಳ್ಳೆಗಳು ಸೀಳಿನಷ್ಟಾಗಿವೆ, ಅಂಗುಳಿನ ಹಿಂಭಾಗ ಜೋತು ಶ್ವಾಸಮಾರ್ಗಕ್ಕೆ ಅಡ್ಡಬೀಳುತ್ತದೆ. ಅದರ ಗೊರಕೆಯನ್ನು ಮುದ್ದೆಂದು ಕರೆಯುತ್ತೇವೆ. ಅದು ಉಸಿರಿಗಾಗಿ ನಡೆಯುವ ದುಡಿಮೆಯ ಸದ್ದು. ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಶ್ವಾಸಮಾರ್ಗದ ವ್ಯಾಧಿ ಉಳಿದ ನಾಯಿಗಳಿಗಿಂತ ಪಗ್ಗುಗಳಲ್ಲಿ ಸುಮಾರು 54 ಪಟ್ಟು ಹೆಚ್ಚು. ಇಂಥ ಪ್ರಾಣಿಯನ್ನು ಕಲಬುರಗಿಯ ಏಪ್ರಿಲಿಗೆ, ರಾಯಚೂರಿನ ಮೇಗೆ ಕೊಂಡೊಯ್ಯುವವರು ಏನನ್ನು ಕೊಂಡೊಯ್ಯುತ್ತಿದ್ದೇವೆಂದು ಯೋಚಿಸಿರಲಾರರು. ಅದಕ್ಕೆ ಹಗಲೆಲ್ಲ ತಂಪಿನ ಕೋಣೆ ಬೇಕು, ಮುಖದ ಸುಕ್ಕುಗಳನ್ನು ಆಗಾಗ ಒರೆಸಬೇಕು, ಮುಂದಕ್ಕೆ ಚಾಚಿದ ಕಣ್ಣಿಗೆ ಪೆಟ್ಟಾಗದಂತೆ ನೋಡಿಕೊಳ್ಳಬೇಕು, ಕೆಲವಕ್ಕೆ ಹೊಳ್ಳೆಯನ್ನು ಅಗಲಿಸಿ ಅಂಗುಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯೇ ಬೇಕು.

ರಸೆಲನ ಟೆರಿಯರಿಗೆ ತಕ್ಕ ಮನೆ ಸಿಕ್ಕದಿದ್ದರೆ ಅದು ಕೊಂಡವನ ದೋಷ, ಕೃತಿ ನಿರ್ದುಷ್ಟ. ಡ್ಯಾಷ್‌ಹಂಡಿನಲ್ಲಿ ದೋಷ ಅರ್ಧ ಕರ್ತೃವಿನದು. ಪಗ್ಗಿನಲ್ಲಿ ಪೂರ್ತಿಯಾಗಿ ಕರ್ತೃವಿನದೇ, ಮತ್ತು ಅದನ್ನು ತಿದ್ದಬಲ್ಲವನೂ ಅವನೇ. ನೆದರ್‌ಲ್ಯಾಂಡ್ಸಿನ ಸರ್ಕಾರ ಈ ಮಾತನ್ನು ಗ್ರಹಿಸಿ, ತಲೆಬುರುಡೆಯ ಸುಮಾರು ಮೂರನೆಯ ಒಂದಂಶದಷ್ಟಾದರೂ ಮೂತಿಯಿಲ್ಲದ ನಾಯಿಗಳಿಂದ ಮರಿ ತೆಗೆಯುವುದನ್ನು 2019ರಿಂದ ತಡೆಯಹೊರಟಿತು. ಅದೇ ವರ್ಷ ಬ್ರಿಟನ್ನಿನ ಕೆನೆಲ್ ಕ್ಲಬ್ಬು ಕೇಂಬ್ರಿಜ್ ವಿಶ್ವವಿದ್ಯಾಲಯದೊಡನೆ ಕೂಡಿ ಒಂದು ಸರಳವಾದ ಪರೀಕ್ಷೆಯನ್ನು ಆರಂಭಿಸಿತು: ವೈದ್ಯರು ನಾಯಿಯ ಉಸಿರಾಟವನ್ನು ಸ್ಟೆತಾಸ್ಕೋಪಿನಿಂದ ಆಲಿಸುತ್ತಾರೆ, ಅದನ್ನು ಮೂರು ನಿಮಿಷ ದುಡುದುಡು ನಡೆಸುತ್ತಾರೆ, ಮತ್ತೆ ಆಲಿಸಿ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಹೆಚ್ಚು ಅಂಕ ಬಂದಷ್ಟೂ ಉಸಿರು ಕೆಟ್ಟದ್ದು. ಪಗ್ಗನ್ನೇ ಕೊಳ್ಳುತ್ತೇನೆಂದು ಹಟಹಿಡಿದವರು ಇಲ್ಲಿಯೂ ಮರಿಯ ತಾಯಿತಂದೆಗಳನ್ನು ತಮ್ಮ ಕಣ್ಣೆದುರಿಗೆ ಮೂರು ನಿಮಿಷ ನಡೆಸಿ ತೋರಿಸೆಂದು ಮಾರುವವನನ್ನು ಕೇಳಬಹುದು. ಅವನು ನಗಬಹುದು, ನಕ್ಕರೆ ಮರಿಯನ್ನು ಅವನ ಬಳಿಯೇ ಬಿಟ್ಟು ಬರಬಹುದು.