ತಾಳ ಕೂಡಿಸುವ ಕೈ

ಒಂದು ಹಾಡು ಮುಗಿಯುವ ಮೊದಲೇ ಮತ್ತೊಂದನ್ನು, ಕುಣಿಯುವವರ ಹೆಜ್ಜೆ ತಪ್ಪದಂತೆ, ಅದರೊಳಗೆ ಬೆರೆಸುವುದು ಡಿಜೆಯ ಮೂಲ ಕಸುಬು. 1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್‌ನಲ್ಲಿ ವೇಗ ಹೊಂದಿಸಲು ಜಾರುಗುಂಡಿಯಿತ್ತು. ಒಂದು ಕಿವಿಗೆ ಹೆಡ್‌ಫೋನ್ ಒತ್ತಿ, ಬೆರಳಿನಿಂದ ರೆಕಾರ್ಡನ್ನು ತುಸು ತಡೆದೋ ತಳ್ಳಿಯೋ ಎರಡು ತಾಳಗಳನ್ನು ಕೂಡಿಸಬೇಕಿತ್ತು. ಅದು ವರ್ಷಗಳ ಅಭ್ಯಾಸ ಬೇಡುವ ವಿದ್ಯೆ. 2001ರಲ್ಲಿ ಪಯೊನೀರ್‌ನ ಸಿಡಿಜೆ-1000 ಆ ಕೈಚಳಕವನ್ನು ಸಿಡಿಗೆ ತಂದಿತು. ಈಗ ಲ್ಯಾಪ್‌ಟಾಪಿನ ಡಿಜೆ ತಂತ್ರಾಂಶದ ‘ಸಿಂಕ್’ ಗುಂಡಿ ಒತ್ತಿದರೆ ತಾಳಗಳು ತಾವೇ ಕೂಡುತ್ತವೆ. 2019ರಲ್ಲಿ ಸಂಗೀತ ಸ್ಟ್ರೀಮಿಂಗ್ ಸಂಸ್ಥೆ ಡೀಜರ್ ಎಲ್ಲರಿಗೂ ಮುಕ್ತವಾಗಿಸಿದ ‘ಸ್ಪ್ಲೀಟರ್’ ತಂತ್ರಾಂಶ, ಹಾಡಿನ ಕಂಠವನ್ನೂ ವಾದ್ಯಗಳನ್ನೂ ಬೇರೆಬೇರೆಯಾಗಿ ಬಿಡಿಸಿಕೊಡುತ್ತದೆ. ಹಳೆಯ ಚಿತ್ರಗೀತೆಯ ದನಿಯಷ್ಟನ್ನೇ ತೆಗೆದು ಹೊಸ ಲಯದ ಮೇಲೆ ಕೂರಿಸುವ ಈ ಸಾಧ್ಯತೆ ನಿಜಕ್ಕೂ ದೊಡ್ಡದು.

ಆದರೆ ಎಲ್ಲೆಡೆ ಈ ಗುಂಡಿಯೊಂದೇ ಸಾಲದು. ಮಲೆನಾಡಿನ ತೀರ್ಥಹಳ್ಳಿ, ಹೊಸನಗರ, ಸಾಗರದ ಸೀಮೆಯಲ್ಲಿ ಹಬ್ಬದ ಮೆರವಣಿಗೆಗೆ ಡಿಜೆಯ ಹಾಡಿನ ಜೊತೆಗೆ ಡೊಳ್ಳಿನ ಬಲವೂ ಇದೆ. ಡೊಳ್ಳಿನ ಲಯ ಗಡಿಯಾರದಂತೆ ಸ್ಥಿರವಲ್ಲ; ಕುಣಿತದ ಹುರುಪಿಗೆ ತಕ್ಕಂತೆ ಏರುತ್ತದೆ. ಸಮವೇಗದ ಲೆಕ್ಕದಲ್ಲಿ ನಡೆಯುವ ಸಿಂಕ್ ಇಲ್ಲಿ ಸುಲಭವಾಗಿ ಹಾದಿ ತಪ್ಪುತ್ತದೆ. ಡೊಳ್ಳಿನೊಡನೆ ಹಾಡು ಬೆರೆಸಲು ಹೊರಟವರಿಗೆ ಹಳೆಯ ಕಿವಿಯೇ ಬೇಕು. ಯಾವ ಹಾಡನ್ನು, ಯಾವ ಗಳಿಗೆಯಲ್ಲಿ ಬಿಡಬೇಕೆಂಬುದನ್ನೂ ಜನರ ಮುಖ ನೋಡಿಯೇ ತೀರ್ಮಾನಿಸಬೇಕು.

ಸದ್ದಿನ ಬಲ ಹೆಚ್ಚಿದಷ್ಟೂ ಸಂಯಮವೂ ಈ ಕಸುಬಿನ ಭಾಗವಾಗುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಗಳಿಗೆ ಸರ್ಕಾರ ಕೊಡಬಹುದಾದ ಸಡಿಲಿಕೆಯೂ ನಡುರಾತ್ರಿ 12ಕ್ಕೆ ಮುಗಿಯುತ್ತದೆ.