ಬಾಗಿಲು ಕಾಯುವವರ ಅಧಿಕಾರಕ್ಕೆ ಅಳತೆಗೋಲು

ಫುಟ್‌ಬಾಲ್‌ನ ಯುರೋಪಿಯನ್ ಸೂಪರ್ ಲೀಗ್ ಪ್ರಕರಣದಲ್ಲಿ ಲಕ್ಸೆಂಬರ್ಗ್‌ನ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2023ರ ಡಿಸೆಂಬರ್ 21ರಂದು ತೀರ್ಪು ಕೊಟ್ಟಿತು. ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಯುಇಎಫ್‌ಎಯ ಏಕಸ್ವಾಮ್ಯ ಮುಗಿಯಿತೆಂದು ಸೂಪರ್ ಲೀಗ್ ಪರದವರು ಸಾರಿದರು. ಆ ಲೀಗ್‌ಗೆ ಒಪ್ಪಿಗೆಯೇನೂ ಸಿಕ್ಕಿಲ್ಲ ಎಂದು ಯುಇಎಫ್‌ಎ ಹೇಳಿತು. ಯುಇಎಫ್‌ಎ ಮಾತು ಪೂರ್ತಿ ನಿಜ, ಎದುರು ಪಕ್ಷದ್ದು ಅರ್ಧ ನಿಜ. ತೀರ್ಪಿನ ಬಲವನ್ನೂ ಮಿತಿಯನ್ನೂ ಒಟ್ಟಿಗೇ ನೋಡಬೇಕಾದದ್ದು ಇದಕ್ಕಾಗಿ.

2021ರ ಏಪ್ರಿಲ್ 18ರಂದು ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಯುವೆಂಟಸ್ ಸೇರಿದಂತೆ 12 ಕ್ಲಬ್‌ಗಳು ಹೊಸ ಲೀಗ್ ಘೋಷಿಸಿದವು. ಅದರ 20 ಸ್ಥಾನಗಳಲ್ಲಿ 15 ಸ್ಥಾಪಕರಿಗೇ ಕಾಯಂ. ಸೋತರೂ ಕೆಳಗಿಳಿಯದ ಈ ವ್ಯವಸ್ಥೆಯ ವಿರುದ್ಧ ಇಂಗ್ಲೆಂಡಿನ ಅಭಿಮಾನಿಗಳು ಬೀದಿಗಿಳಿದರು. ಎರಡೇ ದಿನಗಳಲ್ಲಿ ಅಲ್ಲಿನ 6 ಕ್ಲಬ್‌ಗಳು ಹಿಂದೆ ಸರಿದವು. ಆದರೆ ಭಾಗವಹಿಸುವ ಕ್ಲಬ್ಬುಗಳನ್ನೂ ಆಟಗಾರರನ್ನೂ ತಮ್ಮ ಟೂರ್ನಿಗಳಿಂದ ಹೊರಗಿಡುವುದಾಗಿ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಮತ್ತು ಯುಇಎಫ್‌ಎ ಹಾಕಿದ್ದ ಬೆದರಿಕೆಯ ಪ್ರಶ್ನೆ ಉಳಿಯಿತು. ಮ್ಯಾಡ್ರಿಡ್‌ನ ವಾಣಿಜ್ಯ ನ್ಯಾಯಾಲಯ ಅದನ್ನು ಲಕ್ಸೆಂಬರ್ಗ್‌ಗೆ ಕಳಿಸಿತು.

ಅಲ್ಲಿ ಬಂದ ಉತ್ತರ ನನಗೆ ಸರಿಯೆನಿಸುತ್ತದೆ. ತಾನೇ ಟೂರ್ನಿ ನಡೆಸಿ ಹಣ ಗಳಿಸುವ ಸಂಸ್ಥೆ, ಇನ್ನೊಬ್ಬರ ಟೂರ್ನಿಗೆ ಅನುಮತಿ ಕೊಡುವ ಅಧಿಕಾರವನ್ನೂ ಇಟ್ಟುಕೊಂಡರೆ ಹಿತಾಸಕ್ತಿ ಸಂಘರ್ಷ ಸಹಜ. ಪೂರ್ವಾನುಮತಿ ಕೇಳುವುದನ್ನೇ ನ್ಯಾಯಾಲಯ ತಪ್ಪೆನ್ನಲಿಲ್ಲ. ಪಾರದರ್ಶಕವೂ ವಸ್ತುನಿಷ್ಠವೂ ಆದ, ತಾರತಮ್ಯವಿಲ್ಲದ ಮಾನದಂಡಗಳಿಲ್ಲದೆ ಆ ಅಧಿಕಾರ ಚಲಾಯಿಸುವುದು ಪ್ರಾಬಲ್ಯದ ದುರುಪಯೋಗ ಎಂದಿತು. ಕ್ರೀಡೆ ಎಂಬ ಹೆಸರೊಂದೇ ಸ್ಪರ್ಧಾ ಕಾನೂನಿನಿಂದ ರಕ್ಷಣೆ ಕೊಡದು ಎಂಬುದನ್ನೂ ಸ್ಪಷ್ಟಪಡಿಸಿತು. ತೀರ್ಪಿಗೆ ಒಂದು ವರ್ಷ ಮೊದಲು, ನ್ಯಾಯಾಲಯಕ್ಕೆ ಅಭಿಪ್ರಾಯ ನೀಡುವ ಅಡ್ವೊಕೇಟ್ ಜನರಲ್ ರಾಂಟೋಸ್ 'ಯುರೋಪಿನ ಕ್ರೀಡಾ ಮಾದರಿ'ಗೆ ಒತ್ತು ಕೊಟ್ಟು ಯುಇಎಫ್‌ಎ ಪರ ವಾಲಿದ್ದರು. ಆ ದಾರಿ ಹಿಡಿಯದೆ ನ್ಯಾಯಾಲಯ ತೋರಿದ ದೃಢತೆ ಮೆಚ್ಚುವಂಥದ್ದು.

ಕೊರತೆ ಇರುವುದು ಸ್ಪರ್ಧಾ ಕಾನೂನಿನ ಕಣ್ಣಳತೆಯಲ್ಲಿ. ಅದು ಅಧಿಕಾರ ಹೇಗೆ ಚಲಾವಣೆಯಾಯಿತು ಎಂದು ಕೇಳುತ್ತದೆ. ಯಾರ ಕೈಯಲ್ಲಿರಬೇಕು ಎಂದು ನಿರ್ಧರಿಸುವುದಿಲ್ಲ. ಯುಇಎಫ್‌ಎ 2022ರಲ್ಲೇ ಲಿಖಿತ ಅನುಮತಿ ನಿಯಮಗಳನ್ನು ರಚಿಸಿತು. ನಿಯಮ ಬಂತು, ಆದರೆ ಬಾಗಿಲು ಕಾಯುವವರು ಬದಲಾಗಲಿಲ್ಲ.

ಅದೇ ನ್ಯಾಯಾಲಯ ತೀರ್ಮಾನಿಸಿದ ಆಟಗಾರ ಬೋಸ್ಮನ್ ಪ್ರಕರಣವೂ ಇಂಥದೇ ಪಾಠ ಹೇಳುತ್ತದೆ. 1995ರ ಆ ತೀರ್ಪು ಒಪ್ಪಂದ ಮುಗಿದ ಆಟಗಾರನನ್ನು ವರ್ಗಾವಣೆ ಶುಲ್ಕದ ಸಂಕೋಲೆಯಿಂದ ಬಿಡಿಸಿತು. ಕಾರ್ಮಿಕನಾಗಿ ಅವನಿಗೆ ಸಿಗಲೇಬೇಕಿದ್ದ ನ್ಯಾಯ ಅದು. ಆದರೆ ಟಿವಿ ಹಣ ಕೆಲವೇ ಲೀಗ್‌ಗಳಲ್ಲಿ ಗುಡ್ಡೆಯಾಗಿದ್ದಾಗ ಮುಕ್ತರಾದ ಪ್ರತಿಭೆಗಳೂ ಅತ್ತಲೇ ಹರಿದವು. 2004ರಲ್ಲಿ ಪೋರ್ಚುಗಲ್‌ನ ಪೋರ್ಟೊ ಗೆದ್ದ ಮೇಲೆ ಎರಡು ದಶಕ ಕಳೆದರೂ ಇಂಗ್ಲೆಂಡ್, ಸ್ಪೇನ್, ಜರ್ಮನಿ, ಇಟಲಿ, ಫ್ರಾನ್ಸ್‌ಗಳ ಹೊರಗಿನ ಕ್ಲಬ್ಬಿಗೆ ಯುಇಎಫ್‌ಎಯ ಅಗ್ರ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ದಕ್ಕಲಿಲ್ಲ. 2024ರ ಅಕ್ಟೋಬರ್‌ನ ಆಟಗಾರ ಡಿಯಾರಾ ಪ್ರಕರಣದ ತೀರ್ಪು, ಒಪ್ಪಂದ ಮುರಿದ ಆಟಗಾರನನ್ನೂ ಹೊಸ ಕ್ಲಬ್ಬನ್ನೂ ಕಟ್ಟಿಹಾಕುವ ಫಿಫಾ ನಿಯಮಗಳನ್ನು ಒಪ್ಪಲಿಲ್ಲ. ಇದೂ ಆಟಗಾರರಿಗೆ ನ್ಯಾಯವೇ. ಹಣದ ಹಂಚಿಕೆ ಮಾತ್ರ ಇದ್ದಲ್ಲೇ ಇದೆ.

ನ್ಯಾಯಾಲಯಗಳು ತಮ್ಮ ಮುಂದೆ ಬಂದ ತಪ್ಪನ್ನಷ್ಟೇ ತಿದ್ದಬಲ್ಲವು. ಸಣ್ಣ ಕ್ಲಬ್ಬಿನ ಪಾಲು, ಅಭಿಮಾನಿಯ ದನಿ, ಮೇಲೇರುವ ಅವಕಾಶ — ಇವು ಶಾಸನಸಭೆಯಲ್ಲಿ ತೀರ್ಮಾನವಾಗಬೇಕು. ಬ್ರಿಟನ್ 2025ರಲ್ಲಿ ಕಾಯ್ದೆ ಮೂಲಕ ಇಂಗ್ಲೆಂಡಿನ ಫುಟ್‌ಬಾಲ್‌ಗೆ ಸ್ವತಂತ್ರ ನಿಯಂತ್ರಕನನ್ನು ನೇಮಿಸುವ ದಾರಿ ಹಿಡಿದಿದೆ. ಟೂರ್ನಿ ನಡೆಸುವ ಕೈಯಿಂದ ಅನುಮತಿ ಕೊಡುವ ಕೈಯನ್ನು ಬೇರ್ಪಡಿಸುವ ಶಾಸನವನ್ನು ಯುರೋಪಿಯನ್ ಒಕ್ಕೂಟವೂ ತರಬೇಕು. ಸೂಪರ್ ಲೀಗ್ ತೀರ್ಪು ಅದಕ್ಕೆ ಬೇಕಾದ ತರ್ಕವನ್ನು ಒದಗಿಸಿದೆ. ಬೇಕಿರುವುದು ರಾಜಕೀಯ ಸಂಕಲ್ಪ.